ಅಂಕಿತದ ಅರ್ಕಾವತ್ತು

ದೃಷ್ಟಿ ಮಂದವಾದ ವೃದ್ಧ ಶರಣರೊಬ್ಬರು ಲಿಂಗಪೂಜೆಯ ಬಳಿಕ ಅಕ್ಕಮಹಾದೇವಿಯ ವಚನಗಳನ್ನು ಗಣಕಯಂತ್ರದಿಂದ ಓದಿಸಿ ಆಲಿಸುವರು. ಒಮ್ಮೆ ಪಿಡಿಎಫ್ ಗ್ರಂಥವೊಂದರಲ್ಲಿ ಅಂಕಿತವು 'ಚೆನ್ನಮಲ್ಲಿಕಾಜುರ್ನ' ಎಂದು ಕೇಳಿಸಿತು. ಹುಡುಕಿಸಿದರೆ ಸರಿಯಾದ ಅಂಕಿತ ಒಂದೂ ದೊರೆಯಲಿಲ್ಲ. ಪುಟದ ಮೇಲಾದರೋ ಅದು ಮುತ್ತಿನಂತೆ ಅಚ್ಚಾಗಿತ್ತು.

ದೋಷವು ಕಣ್ಣಿಗೆ ಕಾಣದೆಡೆಯಲ್ಲಿತ್ತು. ಯೂನಿಕೋಡ್‌ನಲ್ಲಿ 'ರ್ಜು' ಉಚ್ಚಾರಣೆಯ ಕ್ರಮದಂತೆ ರಕಾರದಿಂದ ಮೊದಲಾಗುತ್ತದೆ. ಅಚ್ಚಿನಲ್ಲಿ ಅರ್ಕಾವತ್ತು ಜಕಾರದ ಬಲಕ್ಕೆ ಕೂರುತ್ತದೆ. ಪಿಡಿಎಫ್ ಕಾಯ್ದಿಡುವುದು ಆಕಾರಗಳ ಕ್ರಮವನ್ನು. ಅದರೊಳಗಿನ 'ಟುಯೂನಿಕೋಡ್' ಪಟ್ಟಿಯು ಯಾವ ಆಕಾರ ಯಾವ ಅಕ್ಷರವೆಂದು ತಿಳಿಸಬಲ್ಲದು, ಕ್ರಮವನ್ನು ತಿದ್ದಲಾರದು. ಪದದ ನಿಜರೂಪವನ್ನು 'ಆಕ್ಚುಯಲ್‌ಟೆಕ್ಸ್ಟ್' ಎಂಬ ಗುರುತಿನಲ್ಲಿ ಹುದುಗಿಸಿದರೆ, ಅದನ್ನು ಗ್ರಹಿಸಬಲ್ಲ ತಂತ್ರಾಂಶಗಳಲ್ಲಿ ನಕಲೂ ಹುಡುಕಾಟವೂ ಓದೂ ಸರಿಹೋಗುತ್ತವೆ. ಝೀಟೆಕ್ ಅಕ್ಷರಜೋಡಣೆಯಲ್ಲಿ ಇದಕ್ಕೆ ಒಂದೇ ಸಾಲಿನ ಆದೇಶ ಸಾಕು.

ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಹಾಗೆ ಉಳಿದು ಬಂದ ನುಡಿ ಇಂದು ಪುಟದಲ್ಲಿ ಕಂಡೂ ಕಿವಿಗೆ ಎಟುಕದಂತಾಗಬಾರದು. ನಡೆ ನುಡಿ ಒಂದಾಗಬೇಕೆಂದವರು ಶರಣರು. ಅವರ ವಚನಕ್ಕೂ ಹೊರಗಿನ ರೂಪ, ಒಳಗಿನ ಅಕ್ಷರ ಒಂದಾಗಿರಬೇಕು.

ಕಡತವನ್ನು ಹೊಸದಾಗಿ ಸಿದ್ಧಪಡಿಸಿದ ದಿನ ಅಂಕಿತವು ಅಖಂಡವಾಗಿ ಕೇಳಿಬಂತು. ವೃದ್ಧ ಶರಣರು ಮಾತಾಡಲಿಲ್ಲ. ಕರಸ್ಥಲದ ಲಿಂಗವನ್ನು ಕಣ್ಣಿಗೊತ್ತಿಕೊಂಡರು.