ಎಷ್ಟನೇ ಸುತ್ತು?

ಬೋಧನಾಭ್ಯಾಸ ಆರಂಭವಾದ ವಾರವೇ ನಾವು ಮೂವರು ಗೆಳತಿಯರು ಭಾನುವಾರದ ಓಟ ಶುರು ಮಾಡಿದೆವು. ಒಬ್ಬಳು ಮೂಡುಬಿದಿರೆಯವಳು, ಒಬ್ಬಳು ಬೆಳ್ತಂಗಡಿಯವಳು, ನಾನು ಬಂಟ್ವಾಳದವಳು. ಯೋಚನೆ ಬೆಳ್ತಂಗಡಿಯವಳದ್ದು. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು 13 ಮಂದಿ ಸೇರಿ 5 ಕಿಲೋಮೀಟರ್ ಓಡಿದ್ದರು. ಅದೇ ಮುಂದೆ ‘ಪಾರ್ಕ್‌ರನ್’ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿತು. ಪ್ರತಿ ಶನಿವಾರ ಬೆಳಿಗ್ಗೆ ಸೇರುತ್ತಾರೆ. ಶುಲ್ಕವಿಲ್ಲ. ಓಡಬಹುದು, ನಡೆಯಲೂಬಹುದು. ಎಲ್ಲರಿಗಿಂತ ಹಿಂದೆ ಬರಲೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ; ಹಾಗಾಗಿ ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ. ನಮಗೆ ಶನಿವಾರ ಬೆಳಿಗ್ಗೆ ಶಾಲೆ. ಅದಕ್ಕೆ ಭಾನುವಾರ ಆರಿಸಿಕೊಂಡೆವು.

ಜಾಗ ಮೂಡುಬಿದಿರೆಯ ಸ್ವರಾಜ್ಯ ಮೈದಾನ. ನಾನು ಸಿದ್ದಕಟ್ಟೆ ಮಾರ್ಗವಾಗಿ ಬರುತ್ತಿದ್ದೆ, ಬೆಳ್ತಂಗಡಿಯವಳು ವೇಣೂರು ಮಾರ್ಗವಾಗಿ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದ ಸಿಂಥೆಟಿಕ್ ಟ್ರ್ಯಾಕ್ ಅದು. ಒಳಗಿನ ಲೇನ್‌ಗಳು ಅಭ್ಯಾಸ ಮಾಡುವ ಕ್ರೀಡಾಪಟುಗಳಿಗೆ ಇರಲಿ ಎಂದು ನಾವು ಹೊರಗಿನ ಎಂಟನೇ ಲೇನ್ ಹಿಡಿದೆವು. ಒಳಗಿನ ಸುತ್ತು 400 ಮೀಟರ್ ಆದರೆ ಇಲ್ಲಿ ಸುಮಾರು 453. ಹನ್ನೊಂದು ಸುತ್ತು ಬಂದರೆ ಹೆಚ್ಚುಕಡಿಮೆ 5 ಕಿಲೋಮೀಟರ್. ಮೂರನೇ ವಾರಕ್ಕೆ ಏಳು ಮಂದಿಯಾದೆವು. ಮೂಡುಬಿದಿರೆಯವಳ ಚಿಕ್ಕಮ್ಮನೂ ಚೂಡಿದಾರಕ್ಕೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು.

ಆ ವಾರದ ಶುಕ್ರವಾರ ಎಂಟನೇ ತರಗತಿಗೆ ನಾನು ಸಮೀಕರಣದ ಪಾಠ ಮಾಡಿದ್ದೆ. “ಪಕ್ಷಾಂತರ ಮಾಡಿದಾಗ ಏನಾಗುತ್ತದೆ?” ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ “ಚಿಹ್ನೆ ಬದಲಾಗುತ್ತದೆ ಟೀಚರ್” ಎಂದಿತ್ತು. ಪಾಠ ಯೋಜನೆಯ ಮೌಲ್ಯಮಾಪನದ ಕಲಮಿನಲ್ಲಿ ‘ಗ್ರಹಿಸಿದರು’ ಎಂದು ಬರೆದು ಹಗುರಾಗಿದ್ದೆ. ಮಾರ್ಗದರ್ಶಕ ಶಿಕ್ಷಕಿ ಮಾತ್ರ ನನ್ನ ಪುಸ್ತಕದಲ್ಲಿ, “ತರಗತಿಯ ಪ್ರತಿಕ್ರಿಯೆ ಚೆನ್ನಾಗಿದೆ. ಉತ್ತರ ಹೇಳದವರು ಯಾರು?” ಎಂದು ಬರೆದಿದ್ದರು. ಎಲ್ಲರೂ ಹೇಳಿದ್ದರಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಭಾನುವಾರ ಒಂಬತ್ತನೇ ಸುತ್ತು ಮುಗಿಸುವಾಗ ಚಿಕ್ಕಮ್ಮ ನನ್ನ ಪಕ್ಕದಲ್ಲೇ ಇದ್ದರು.

“ಚಿಕ್ಕಮ್ಮ, ನೀವು ನಮ್ಮ ಜೊತೆಗೇ ಇದ್ದೀರಲ್ಲ!” ಎಂದೆ.

“ಜೊತೆಗೆ ಎಂತದು ಮಾರಾಯ್ತಿ, ನಿಮ್ಮದು ಒಂಬತ್ತು, ನನ್ನದು ಆರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ನಾವು ಹನ್ನೊಂದು ಮುಗಿಸಿ ನೀರು ಕುಡಿದು ಹೊರಡಲು ಎದ್ದಾಗಲೂ ಅವರು ಒಬ್ಬರೇ ನಡೆಯುತ್ತಿದ್ದರು. ಲಂಡನ್ನಿನ ಓಟದಿಂದ ದೂರವನ್ನು ತೆಗೆದುಕೊಂಡಿದ್ದೆವು. ಹಿಂದೆ ಬರುವವರನ್ನು ಮಾತ್ರ ಮರೆತಿದ್ದೆವು. ನೇರ ರಸ್ತೆಯಲ್ಲಿ ಹಿಂದುಳಿದವರು ಕಾಣುತ್ತಾರೆ. ಸುತ್ತು ಓಡುವಲ್ಲಿ ಮೂರು ಸುತ್ತು ಹಿಂದಿದ್ದವರೂ ಪಕ್ಕದಲ್ಲೇ ಇದ್ದಂತೆ ತೋರುತ್ತದೆ. ಶಿಕ್ಷಕಿಯ ಪ್ರಶ್ನೆ ಆಗ ಅರ್ಥವಾಯಿತು.

ಸೋಮವಾರ ಒಟ್ಟಾಗಿ ಉತ್ತರ ಹೇಳಿಸಲಿಲ್ಲ. ಎಕ್ಸ್ + 7 = 3 ಎಂದು ಹಲಗೆಯಲ್ಲಿ ಬರೆದು, ಬೆಂಚಿನಿಂದ ಬೆಂಚಿಗೆ ಹೋಗಿ ಪುಸ್ತಕ ನೋಡಿದೆ. ಮೂರನೇ ಬೆಂಚಿನ ಹುಡುಗ ಎಕ್ಸ್ = 4 ಎಂದು ಬರೆದಿದ್ದ. ಶುಕ್ರವಾರ ಎಲ್ಲರಿಗಿಂತ ಗಟ್ಟಿಯಾಗಿ “ಚಿಹ್ನೆ ಬದಲಾಗುತ್ತದೆ” ಎಂದವನು ಅವನೇ.

“ಇದು ಹೇಗೆ ಬಂತು?” ಎಂದು ಪಕ್ಕದಲ್ಲಿ ಕುಳಿತು ಕೇಳಿದೆ.

“ಮೂರರಿಂದ ಏಳು ಹೋಗುವುದಿಲ್ಲ ಅಲ್ವಾ ಟೀಚರ್? ಅದಕ್ಕೆ ಏಳರಿಂದ ಮೂರು ತೆಗೆದೆ.”

ಅವನು ನಿಂತಿದ್ದದ್ದು ಸಮೀಕರಣದಲ್ಲಿ ಅಲ್ಲ, ಪೂರ್ಣಾಂಕಗಳ ಪಾಠದಲ್ಲಿ. ಜಗಲಿಯ ನೆಲದಲ್ಲಿ ಚಾಕ್‌ಪೀಸಿನಿಂದ ಸಂಖ್ಯಾರೇಖೆ ಎಳೆದೆ. ಅವನು 3ರ ಮೇಲೆ ನಿಂತು ಏಳು ಹೆಜ್ಜೆ ಹಿಂದೆ ನಡೆದ. ಸೊನ್ನೆ ದಾಟುವಾಗ ಒಮ್ಮೆ ನಿಂತು ನನ್ನ ಮುಖ ನೋಡಿದ. ‘ಹೋಗು’ ಎಂದೆ. ಮೈನಸ್ ನಾಲ್ಕರಲ್ಲಿ ನಿಂತ. “ಹೋಗ್ತದೆ ಟೀಚರ್!” ಎಂದ. ಅವನ ಹಿಂದೆ ಇನ್ನೂ ಐದು ಮಕ್ಕಳು ತಾವಾಗಿ ಸಾಲು ನಿಂತರು. ಶುಕ್ರವಾರ ಅವರೂ ಉತ್ತರ ಹೇಳಿದವರೇ.

ಇದರಿಂದ ನನ್ನ ಯೋಜನೆ ಎರಡು ಅವಧಿ ಹಿಂದೆ ಬಿತ್ತು. ಘಟಕ ಪರೀಕ್ಷೆಯಲ್ಲಿ ಆ ಹುಡುಗ ಐದರಲ್ಲಿ ಮೂರು ಲೆಕ್ಕ ಸರಿ ಮಾಡಿದ. ಎರಡರಲ್ಲಿ ಚಿಹ್ನೆ ತಪ್ಪಿತ್ತು. ಕೆಲಸ ಇನ್ನೂ ಬಾಕಿ ಇದೆ. ‘ಗ್ರಹಿಸಿದರು’ ಎಂದು ಬರೆಯುವ ಜಾಗದಲ್ಲಿ ಈಗ ನಾನು ಯಾರು ಎಲ್ಲಿ ನಿಂತಿದ್ದಾರೆ ಎಂದು ಬರೆಯುತ್ತೇನೆ. ಕಲಮು ಸಾಲುವುದಿಲ್ಲ, ಅಂಚಿನಲ್ಲಿ ಬರೆಯಬೇಕಾಗುತ್ತದೆ.

ಭಾನುವಾರದ ಓಟದಲ್ಲೂ ಹಿಂದೆ ಬರುವ ಸರದಿ ಮಾಡಿಕೊಂಡಿದ್ದೇವೆ. ಕಳೆದ ವಾರ ನನ್ನ ಸರದಿ. ಚಿಕ್ಕಮ್ಮನ ಜೊತೆ ಹನ್ನೊಂದನೇ ಸುತ್ತು ಮುಗಿಸುವಾಗ ಬಿಸಿಲು ಏರಿತ್ತು. ಉಳಿದವರೆಲ್ಲ ಇನ್ನೂ ಕಾಯುತ್ತಿದ್ದರು.