ಹೆಸರು ಒಂದೇ, ಬರಹ ನಾಲ್ಕು

ನಮ್ಮ ಕಾಲೇಜಿನ ಯಾವ ತರಗತಿಯ ಹಾಜರಿ ಪುಸ್ತಕ ತೆರೆದರೂ ಒಂದು ಹೆಸರು ಮತ್ತೆ ಮತ್ತೆ ಕಾಣುತ್ತದೆ. ಒಂದು ಕಡೆ ಮಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಮುಹಮ್ಮದ್, ಕೆಲವೊಮ್ಮೆ ಮೊಹಮದ್. ಹೇಗೆ ಬರೆದಿದ್ದರೂ ಕರೆದಾಗ ಹುಡುಗರು 'ಎಸ್ ಸರ್' ಅನ್ನುತ್ತಾರೆ. ಕಂಪ್ಯೂಟರಿಗೆ ಮಾತ್ರ ಇವು ನಾಲ್ಕು ಬೇರೆ ಹೆಸರುಗಳು.

ಕಳೆದ ವರ್ಷ ನನ್ನ ಗೆಳೆಯನೊಬ್ಬ ವಿದ್ಯಾರ್ಥಿವೇತನದ ಪಟ್ಟಿ ನೋಡಲು ಹೋಗಿದ್ದ. ಅಲ್ಲಿದ್ದವರು ಹೆಸರು ಟೈಪ್ ಮಾಡಿ, 'ಇಲ್ಲಪ್ಪ' ಎಂದು ಕಳುಹಿಸಿಬಿಟ್ಟರು. ಅವನ ಹೆಸರು ಪಟ್ಟಿಯಲ್ಲೇ ಇತ್ತು. ಅಂಕಪಟ್ಟಿಯಲ್ಲಿ 'ಮ' ಇದ್ದ ಕಡೆ ಇಲ್ಲಿ ಕೊಂಬು ಸೇರಿ 'ಮು' ಆಗಿತ್ತು, ಅಷ್ಟೇ. ಆ ವರ್ಷದ ಫೀಸು ಆ ಹಣದ ಮೇಲೇ ನಿಂತಿತ್ತು. ರೆಗ್ಯುಲರ್ ಎಕ್ಸ್‌ಪ್ರೆಶನ್ ಕಲಿಯಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ.

ಇದು ಹುಡುಕುವ ಪದವನ್ನಲ್ಲ, ಆ ಪದದ ಆಕಾರವನ್ನು ಬರೆಯುವ ಸೂತ್ರ. 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಎಂಬ ಗಣಿತಜ್ಞ ಇದಕ್ಕೆ ತಳಹದಿ ಹಾಕಿದರು. ಇದರಿಂದ ಪಠ್ಯ ಹುಡುಕುವ ವಿಧಾನವನ್ನು ಕೆನ್ ಥಾಮ್ಸನ್ 1968ರಲ್ಲಿ ಪ್ರಕಟಿಸಿದರು. ಕಡತವನ್ನು ಸಾಲು ಸಾಲಾಗಿ ಓದಿ, ಹೊಂದುವ ಸಾಲುಗಳನ್ನಷ್ಟೇ ತೋರಿಸುವ ಯುನಿಕ್ಸ್‌ನ 'ಗ್ರೆಪ್' ಕೂಡ ಅವರದೇ.

ಚಿಹ್ನೆಗಳು ಸುಲಭ. ^ ಎಂದರೆ ಸಾಲಿನ ಆರಂಭ, $ ಎಂದರೆ ಕೊನೆ. ಚುಕ್ಕೆ ಎಂದರೆ ಯಾವುದಾದರೂ ಒಂದು ಅಕ್ಷರ. ? ಎಂದರೆ ಅದರ ಹಿಂದಿನದು ಇರಬಹುದು, ಇಲ್ಲದೆಯೂ ಇರಬಹುದು. ಸಾಲಿನ ಮೊದಲಿಗೇ ಹೆಸರಿದ್ದರೆ ಹೀಗೆ ಬರೆಯಬಹುದು:

^ಮ.?ಹ(ಮ್)?ಮದ್

ಮೇಲಿನ ನಾಲ್ಕೂ ಬರಹಗಳು ಇದಕ್ಕೆ ಸಿಗುತ್ತವೆ. ಚುಕ್ಕೆಯ ಬದಲು ಚೌಕ ಆವರಣದೊಳಗೆ ಒತ್ವ ಮತ್ತು ಕೊಂಬನ್ನು ಮಾತ್ರ ಕೊಟ್ಟರೆ ಸೂತ್ರ ಇನ್ನೂ ಬಿಗಿಯಾಗುತ್ತದೆ.

ಕನ್ನಡದಲ್ಲಿ ಒಂದು ಸ್ವಾರಸ್ಯವಿದೆ. 'ಕನ್ನಡ' ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ. ಪೈಥಾನ್‌ನಲ್ಲಿ ಅದಕ್ಕೆ ಐದು ಚುಕ್ಕೆ ಬೇಕು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಯುನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಕೊಂಬು, ಒತ್ವದಂಥ ಚಿಹ್ನೆಗಳೂ ಅಲ್ಲಿ ಬೇರೆಯಾಗಿಯೇ ಎಣಿಕೆಯಾಗುತ್ತವೆ.

ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ಅವರೇ ಎಂದಲ್ಲ. ತಂದೆಯ ಹೆಸರು, ಹುಟ್ಟಿದ ದಿನಾಂಕ ನೋಡಲೇಬೇಕು. ಆದರೆ ಅದನ್ನು ನೋಡಬೇಕಾದರೂ ಮೊದಲು ಆ ಸಾಲು ಕಣ್ಣಿಗೆ ಬೀಳಬೇಕು.

ಗೆಳೆಯರೇ, ಲ್ಯಾಬಿನಲ್ಲಿ ಬಿಡುವಿದ್ದಾಗ ನಿಮ್ಮ ಹೆಸರಿಗೂ ಒಂದು ಸೂತ್ರ ಬರೆದು ನೋಡಿ. ಆಯಿಶಾ, ಆಯಿಷಾ, ಆಯೇಷಾ ಮೂವರಿಗೂ ಒಂದೇ ಸಾಲು ಸಾಕಾಗುತ್ತದೆ.