ಅವ್ವನ್ನ ಇಳಿಸಿದ ದನಿ

ಫೋಟೋ ಹಿಂದಿನ ಕತೆ - 9

ಫೋಟೋದಲ್ಲಿರೋದು ಬೈಯಪ್ಪನಹಳ್ಳಿ ಮೆಟ್ರೊ ಸ್ಟೇಷನ್. ತಲೆ ಮೇಲೆ ಸೆರಗು, ಕೈಯಲ್ಲಿ ಚೀಲ, ನಮ್ಮವ್ವ. ಮುಖದ ಮೇಲೆ ಸಿಟ್ಟು ಕಾಣ್ತಿದೆಯಲ್ಲ, ಅದು ನನ್ನ ಮೇಲೆ.

2023ರ ದೀಪಾವಳಿ ಮುಗಿದ ಮೇಲೆ ಅಕ್ಕನ ರೂಮಿಗೆ ಹೊರಟಿದ್ವಿ. ಬ್ಯಾಡಗಿಯಿಂದ ರೈಲು, ಮೆಜೆಸ್ಟಿಕ್‌ನಿಂದ ಮೆಟ್ರೊ. ಅವ್ವನಿಗೆ ಓದೋಕೆ ಬರಲ್ಲ. ಸೀಸನ್ ಪೂರ್ತಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸ, ಬೆಂಗಳೂರು ನೋಡಿದ್ದು ಅದೇ ಮೊದಲು. ನೂಕುನುಗ್ಗಲಲ್ಲಿ ಅವಳನ್ನ ಹತ್ತಿಸಿ, ಕೆಳಗಿಟ್ಟಿದ್ದ ಬ್ಯಾಗ್ ತಗೊಳ್ಳೋಕೆ ತಿರುಗಿದೆ. ಬಾಗಿಲು ಮುಚ್ಚಿತು. ಅವ್ವ ಒಳಗೆ, ನಾನು ಹೊರಗೆ, ಅವಳ ಫೋನ್ ನನ್ನ ಬ್ಯಾಗಲ್ಲಿ.

ಮುಂದಿನ ರೈಲು ಬರೋವರೆಗೆ ನನ್ನ ಜೀವ ಹೆಂಗಿತ್ತು ಅಂತ ಬರೆಯಲ್ಲ. ಬೈಯಪ್ಪನಹಳ್ಳಿಯಲ್ಲಿ ಇಳಿದು ನೋಡಿದ್ರೆ ಅವ್ವ ಗೋಡೆ ಪಕ್ಕ ನಿಂತಿದ್ದಾಳೆ.

"ಎಲ್ಲಿ ಹೋಗಿದ್ದಿ? ನಿಮ್ಮಕ್ಕ ಬೈಯಪ್ಪನಹಳ್ಳಿ ಅಂದಿದ್ಲು. ಟಿವಿಯಾಗ ಬರ್ತಾಳಲ್ಲ, ಆ ಅಪರ್ಣಾ, ಆಕಿ ಒಂದೊಂದಾ ಹೆಸರು ಹೇಳ್ಕೋತ ಬಂದ್ಲು. ಈ ಹೆಸರು ಬಂತು, ಇಳದ್ನಿ."

ನಾನು ಅದುವರೆಗೂ ಆ ದನಿ ಯಾರದು ಅಂತ ಯೋಚಿಸಿಯೇ ಇರಲಿಲ್ಲ. ಅವ್ವ ಗುರುತು ಹಿಡಿದಿದ್ದಳು. ದೂರದರ್ಶನದ ಕಾಲದಿಂದ ಕೇಳಿದ ದನಿ ಅವಳಿಗೆ. ನನಗೆ ಅವರು ‘ಮಜಾ ಟಾಕೀಸ್’ನ ವರಲಕ್ಷ್ಮಿ. ಅವರ ನಿರೂಪಣೆ ನೋಡಿದ್ದು ಆಮೇಲೆ, ಯೂಟ್ಯೂಬಲ್ಲಿ. ಅದಕ್ಕೂ ಕಾರಣ ಇತ್ತು. ಕಾಲೇಜಿನ ಒಂದು ಫಂಕ್ಷನ್‌ನಲ್ಲಿ ನಾನು ನಿರೂಪಣೆ ಮಾಡ್ತಾ ಮೈಕಲ್ಲಿ "ಈಗ ಸ್ವಾಗತ ಗೀತೆ ಐತಿ" ಅಂದುಬಿಟ್ಟಿದ್ದೆ. ಹಿಂದಿನ ಬೆಂಚಿನವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನಗೋರೂ ನಮ್ಮ ಜಿಲ್ಲೆಯವರೇ, ಮನೆಯಲ್ಲಿ ಐತಿ ಅನ್ನೋರೇ! ಆವತ್ತಿಂದ ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಅಪರ್ಣಾ ಅವರ ಹಾಗೆ ಮಾತಾಡೋಕೆ ಪ್ರಾಕ್ಟೀಸ್. ಅಲ್ಪಪ್ರಾಣ, ಮಹಾಪ್ರಾಣ, ಎಲ್ಲಿ ಉಸಿರು ತಗೋಬೇಕು ಅನ್ನೋದು.

ಕೇಳ್ತಾ ಕೇಳ್ತಾ ಒಂದು ಗೊತ್ತಾಯ್ತು. ಅವರು ಪದ ಒತ್ತಿ ಒತ್ತಿ ಹೇಳಲ್ಲ. ಎದುರಿಗಿರೋರಿಗೆ ತಿಳಿಯಲಿ ಅಂತ ಹೇಳ್ತಾರೆ, ಅಷ್ಟೇ. ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ ‘ಮಸಣದ ಹೂವು’ವಿನಿಂದ ಶುರು ಮಾಡಿದವರು, ಆಕಾಶವಾಣಿ, ದೂರದರ್ಶನ, ಸರ್ಕಾರಿ ಸಮಾರಂಭಗಳ ವೇದಿಕೆ, ಎಲ್ಲಾ ಕಡೆ ಅಚ್ಚ ಕನ್ನಡ. ಅದೇ ಮನುಷ್ಯರು ವರಲಕ್ಷ್ಮಿಯಾಗಿ ಬಂದು ತಮ್ಮನ್ನೇ ತಾವು ಗೇಲಿ ಮಾಡ್ಕೊಂಡ ಹಾಗೆ ಕುಣಿದಾಡಿದ್ರು. ನಾನಾಗಿದ್ರೆ ನಾಚಿಕೊಂಡು ಸಾಯ್ತಿದ್ದೆ.

2024ರ ಜುಲೈ 11ರ ರಾತ್ರಿ ಅವರು ತೀರಿಹೋದ್ರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 57. ಕಾಯಿಲೆ ಇತ್ತು ಅನ್ನೋದೇ ನಮ್ಮಂಥವರಿಗೆ ಗೊತ್ತಿರಲಿಲ್ಲ. ಉಸಿರಿನ ಮೇಲೆ ಅಷ್ಟು ಹಿಡಿತ ಇದ್ದವರಿಗೆ ಶ್ವಾಸಕೋಶದ್ದೇ ಕಾಯಿಲೆ ಬರಬೇಕಾ ಅಂತ ನಾನು ಸ್ಟೋರಿ ಹಾಕೋಕೆ ಟೈಪ್ ಮಾಡಿ, ಆಮೇಲೆ ಅಳಿಸಿದೆ.

ಮರುದಿನ ಬೆಳಗ್ಗೆ ಟಿವಿಯಲ್ಲಿ ಬರೀ ಅದೇ. ಅವ್ವ ರೊಟ್ಟಿ ಬಡಿಯೋದು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ನಿಂತಳು.

"ನನ್ನ ಇಳಿಸಿದಾಕಿ ಅಲ್ಲೇನ ಈಕಿ?"

"ಹೌದವ್ವಾ."

"ಇನ್ನ ರೈಲಿನ್ಯಾಗ ಯಾರು ಹೇಳ್ತಾರ?"

ರೆಕಾರ್ಡ್ ಮಾಡಿಟ್ಟಿರ್ತಾರೆ, ಅದೇ ದನಿ ಬರುತ್ತೆ ಅಂದೆ. ಅವ್ವ ನಂಬಲಿಲ್ಲ. ಒಲೆ ಮೇಲಿನ ರೊಟ್ಟಿ ಸೀದಿತ್ತು.

ಆ ವರ್ಷ ದಸರಾ ರಜೆಯಲ್ಲಿ ಮತ್ತೆ ಹೋದ್ವಿ. ಈ ಸಲ ನಾನು ಅವ್ವನ ಕೈ ಬಿಡಲಿಲ್ಲ. ರೈಲು ಹೊರಟಿತು. ದನಿ ಬಂತು. ನಾನು ಅಕ್ಕನಿಗೆ ಫೋನ್ ಮಾಡೋಕೆ ಬಾಯಿ ತೆಗೆದ್ರೆ ಅವ್ವ ತೊಡೆ ಮೇಲೆ ಮೆಲ್ಲಗೆ ಹೊಡೆದಳು. "ಸುಮ್ಮನಿರು, ಆಕಿ ಮಾತಾಡಾಕತ್ತಾಳ."

ಬೈಯಪ್ಪನಹಳ್ಳಿ ಹತ್ತಿರ ಬಂತು. ಬಾಗಿಲು ಯಾವ ಕಡೆ ಅಂತ ನನಗೆ ಗೊತ್ತಿತ್ತು. ಆದ್ರೂ ಅವರು ಹೇಳೋವರೆಗೆ ಇಬ್ಬರೂ ಏಳಲಿಲ್ಲ.